ಟಿಪ್ಪು ಸುಲ್ತಾನನ ಬಾಣದ ಕೊಳವೆ: ಜೀವನಚರಿತ್ರೆಯಲ್ಲಿ ಅಳತೆಯ ಪ್ರಶ್ನೆ

ಟಿಪ್ಪು ಸುಲ್ತಾನನ ಬದುಕನ್ನು ಕುರಿತು ಬರೆದವರಲ್ಲಿ ಅವನ ಬಾಣಗಳನ್ನು ಪ್ರಸ್ತಾಪಿಸದವರು ವಿರಳ. ಇಲ್ಲಿ ಬಾಣವೆಂದರೆ ಬಿಲ್ಲಿನಿಂದ ಎಸೆಯುವ ಅಂಬಲ್ಲ. ಮದ್ದು ತುಂಬಿದ ಕಬ್ಬಿಣದ ಕೊಳವೆಯನ್ನು ಬಿದಿರಿನ ಗಳುವಿಗೆ ಅಥವಾ ಕತ್ತಿಯ ಅಲಗಿಗೆ ಬಿಗಿದು ಹಾರಿಸುತ್ತಿದ್ದ, ಇಂದು ನಾವು ರಾಕೆಟ್ ಎಂದು ಕರೆಯುವ ಆಯುಧ. ಹಬ್ಬದ ಬಾಣಬಿರುಸುಗಳ ಹೆಸರಿನಲ್ಲಿ ಆ ಹಳೆಯ ಅರ್ಥ ಕನ್ನಡದಲ್ಲಿ ಇನ್ನೂ ಉಳಿದುಕೊಂಡಿದೆ. ಈ ಆಯುಧದ ಹಿರಿಮೆಯನ್ನು ಹೇಳುವ ಬರಹಗಳು ಸಾಕಷ್ಟಿವೆ. ಆದರೆ ಒಂದು ಕೊಳವೆಯಲ್ಲಿ ಎಷ್ಟು ಮದ್ದು ಹಿಡಿಯುತ್ತಿತ್ತು ಎಂಬ ಸರಳ ಪ್ರಶ್ನೆಗೆ, ನಮಗೆ ದೊರೆತಿರುವ ಅಳತೆಗಳು ಉತ್ತರ ಕೊಡಬಲ್ಲವೇ ಎಂದು ಪರಿಶೀಲಿಸಿದವರು ಕಡಿಮೆ. ಆ ಪರಿಶೀಲನೆಯ ಬೆಳಕಿನಲ್ಲಿ ಟಿಪ್ಪುವಿನ ಜೀವನವನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕೊಳವೆಯ ಘನಫಲವನ್ನು ಕುರಿತು ನಾವು ಕೇಳುವ ಪ್ರಶ್ನೆಯನ್ನೇ ಅವನ ಬದುಕಿನ ಇತರ ಸಂಗತಿಗಳನ್ನು ಕುರಿತೂ ಕೇಳಬೇಕಾಗುತ್ತದೆ: ಕೊಟ್ಟಿರುವುದು ಏನು, ಕೊಡದೆ ಬಿಟ್ಟಿರುವುದು ಏನು?

ಹೈದರ್ ಅಲಿ ಮತ್ತು ಫಕ್ರುನ್ನೀಸಾ ದಂಪತಿಗಳ ಮಗನಾದ ಟಿಪ್ಪು ದೇವನಹಳ್ಳಿಯಲ್ಲಿ ಜನಿಸಿದನು. ೧೭೫೦ರ ನವೆಂಬರ್ ೨೦ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ತೇದಿ. ಇದಕ್ಕಿಂತ ತಡವಾದ ವರ್ಷಗಳನ್ನು ಸೂಚಿಸುವವರೂ ಇದ್ದಾರೆ. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾನ ಹೆಸರನ್ನು ಮಗುವಿಗೆ ಇಡಲಾಯಿತು. ಅಕ್ಷರ ಬಲ್ಲದ ತಂದೆಯ ಈ ಮಗನಿಗೆ ವಿದ್ಯಾಭ್ಯಾಸ ಒಳ್ಳೆಯ ರೀತಿಯಲ್ಲಿ ನಡೆಯಿತು. ಹದಿನೇಳರ ವಯಸ್ಸಿಗೆ, ಮೊದಲನೆಯ ಮೈಸೂರು ಯುದ್ಧದಲ್ಲಿ, ಮದರಾಸಿನ ಹೊರವಲಯದವರೆಗೆ ನುಗ್ಗಿದ ಕುದುರೆ ಸವಾರರೊಂದಿಗೆ ಅವನಿದ್ದನು.

ಸೋಲಿನ ಪಾಠ ದೊರೆತದ್ದು ರಾಜಧಾನಿಯ ಸಮೀಪದಲ್ಲಿಯೇ. ೧೭೭೧ರ ಮಾರ್ಚ್ ತಿಂಗಳಲ್ಲಿ ಹೈದರನ ಸೇನೆ ಮೇಲುಕೋಟೆಯ ಬೆಟ್ಟಗಳನ್ನು ಬಿಟ್ಟು ಶ್ರೀರಂಗಪಟ್ಟಣದತ್ತ ಹಿಮ್ಮೆಟ್ಟುತ್ತಿರುವಾಗ, ಇಂದಿನ ಪಾಂಡವಪುರ ತಾಲ್ಲೂಕಿಗೆ ಸೇರಿದ ಚಿನಕುರಳಿಯ ಬಳಿ ಮರಾಠರು ಅದನ್ನು ಸಂಪೂರ್ಣವಾಗಿ ಚದುರಿಸಿದರು. ಗೆದ್ದವರು ಮೇಲುಕೋಟೆಯನ್ನೂ ಸೂರೆಮಾಡಿದರು. ಟಿಪ್ಪು ವೇಷ ಮರೆಸಿಕೊಂಡು ಕೋಟೆಯನ್ನು ಸೇರಿದನೆಂಬ ಕಥೆ ಪ್ರಚಲಿತವಾಗಿದೆ. ಅದೇ ತಾಲ್ಲೂಕಿನ ಮುಖ್ಯ ಪಟ್ಟಣವಾದ ಹಿರೋಡೆಯಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರ ದಾಖಲೆಗಳಲ್ಲಿ ಆ ಊರು ಫ್ರೆಂಚ್ ರಾಕ್ಸ್ ಎನಿಸಿಕೊಂಡಿತು. ಪಾಂಡವಪುರವೆಂಬುದು ಈಚಿನ ಹೆಸರು. ಊರ ಹೆಸರುಗಳ ವಿಷಯದಲ್ಲಿ ಇನ್ನೊಂದು ಮಾತು. ೧೮ನೆಯ ಶತಮಾನದ ದಾಖಲೆಗಳಲ್ಲಿ ಕೃಷ್ಣರಾಜಪೇಟೆಯನ್ನು ಹುಡುಕುವವರು ಅತ್ತಿಕುಪ್ಪೆ ಎಂಬ ಹೆಸರನ್ನು ನೋಡಬೇಕು. ಹೊಸ ಹೆಸರು ಬಂದದ್ದು ೧೮೯೧ರಲ್ಲಿ.

ಬಾಣಪಡೆ ಟಿಪ್ಪುವಿನ ಸೃಷ್ಟಿಯಲ್ಲ. ಅದು ತಂದೆಯಿಂದ ಬಂದದ್ದು. ಹೈದರನ ಕಾಲದಲ್ಲಿ ೧೨೦೦ ಮಂದಿ ಇದ್ದ ಪಡೆ ಮಗನ ಕಾಲಕ್ಕೆ ೫೦೦೦ಕ್ಕೆ ಏರಿತೆಂದು ಲೆಕ್ಕ ಹೇಳುವುದುಂಟು. ಎರಡನೆಯ ಮೈಸೂರು ಯುದ್ಧದಲ್ಲಿ, ೧೭೮೦ರ ಸೆಪ್ಟೆಂಬರ್ ೧೦ರಂದು, ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ದಳ ನಾಶವಾಯಿತು. ಅಲ್ಲಿ ಇಂಗ್ಲಿಷರ ಮದ್ದಿನ ಬಂಡಿಗಳು ಸ್ಫೋಟಗೊಂಡದ್ದಕ್ಕೆ ಮೈಸೂರಿನ ಬಾಣಗಳೇ ಕಾರಣವೆಂಬ ಅಭಿಪ್ರಾಯ ವ್ಯಾಪಕವಾಗಿದೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲೆ ಈ ಯುದ್ಧವನ್ನು ಚಿತ್ರಿಸಲಾಗಿದೆ. ೧೭೮೨ರ ಡಿಸೆಂಬರ್ ೭ರಂದು ಚಿತ್ತೂರಿನ ಸಮೀಪದ ಶಿಬಿರದಲ್ಲಿ ಹೈದರ್ ತೀರಿಕೊಂಡನು. ಮಲಬಾರಿನಿಂದ ಧಾವಿಸಿ ಬಂದ ಟಿಪ್ಪು ಅಧಿಕಾರ ವಹಿಸಿಕೊಂಡು, ೧೭೮೪ರ ಮಾರ್ಚ್ ೧೧ರ ಮಂಗಳೂರು ಒಪ್ಪಂದದೊಂದಿಗೆ ಯುದ್ಧವನ್ನು ಮುಗಿಸಿದನು.

ಅಧಿಕಾರಕ್ಕೆ ಬಂದ ಮೊದಲ ವರ್ಷಗಳಲ್ಲಿಯೇ ಅವನ ಆಜ್ಞೆಯಂತೆ ಜೈನುಲ್ ಆಬಿದೀನ್ ಶುಸ್ತರಿ 'ಫತ್ಹುಲ್ ಮುಜಾಹಿದೀನ್' ಎಂಬ ಪಾರಸಿ ಸೇನಾಶಾಸ್ತ್ರ ಗ್ರಂಥವನ್ನು ರಚಿಸಿದನು. ಕುಶೂನ್ ಎಂಬ ಪ್ರತಿಯೊಂದು ಸೇನಾಘಟಕಕ್ಕೆ ೨೦೦ ಮಂದಿ ಬಾಣದವರನ್ನು ನಿಯಮಿಸಿದ ವ್ಯವಸ್ಥೆ ಈ ಗ್ರಂಥದೊಂದಿಗೆ ಸೇರಿಕೊಂಡಿದೆ. ಕೊಳವೆಯ ವ್ಯಾಸವನ್ನೂ ಗುರಿಯ ದೂರವನ್ನೂ ಲೆಕ್ಕಹಾಕಿ, ಬಾಣವನ್ನು ಯಾವ ಕೋನದಲ್ಲಿ ಹೂಡಬೇಕೆಂಬುದನ್ನು ನಿರ್ಧರಿಸುವ ತರಬೇತಿ ಈ ಬಾಣದವರಿಗೆ ಇತ್ತೆಂದು ಚರಿತ್ರಕಾರರು ಹೇಳುತ್ತಾರೆ. ಇದು ಕುತೂಹಲಕರವಾದ ಸಂಗತಿ. ಬರಿಯ ವ್ಯಾಸದಿಂದ ಕೋನವನ್ನು ನಿರ್ಧರಿಸಬಹುದಾದರೆ, ಉಳಿದ ಅಳತೆಗಳು, ಎಂದರೆ ಕೊಳವೆಯ ಉದ್ದ, ತಗಡಿನ ದಪ್ಪ, ಮದ್ದಿನ ಪ್ರಮಾಣ ಇವೆಲ್ಲ ಆ ವ್ಯಾಸಕ್ಕೆ ತಕ್ಕಂತೆ ಮೊದಲೇ ಗೊತ್ತುಪಡಿಸಿದ್ದಾಗಿರಬೇಕು. ಒಂದು ಅಳತೆ ಸಾಕಾಗುವುದು ಉಳಿದವು ರೂಢಿಯಿಂದ ತಿಳಿದಿದ್ದಾಗ ಮಾತ್ರ. ಬಾಣದವನಿಗೆ ಅದು ತಿಳಿದಿತ್ತು. ನಮಗೆ ತಿಳಿದಿಲ್ಲ, ನಮ್ಮ ತೊಡಕು ಇರುವುದು ಇಲ್ಲಿಯೇ.

ಈಗ ಅಳತೆಗಳಿಗೆ ಬರಬಹುದು. ವಿಜ್ಞಾನಿ ರೊದ್ದಂ ನರಸಿಂಹ ಅವರು ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳನ್ನು ಕುರಿತು ೧೯೮೫ರಲ್ಲಿ ಸಿದ್ಧಪಡಿಸಿದ ಪ್ರಬಂಧದಲ್ಲಿ, ಇಂಗ್ಲೆಂಡಿನ ವುಲ್ವಿಚ್‌ನ ಫಿರಂಗಿ ದಳದ ವಸ್ತುಸಂಗ್ರಹಾಲಯದಲ್ಲಿದ್ದ ಎರಡು ಮಾದರಿಗಳ ವಿವರವಿದೆ. ಒಂದರ ಹೊರವ್ಯಾಸ ೫೮ ಮಿ.ಮೀ., ಉದ್ದ ೨೫೪ ಮಿ.ಮೀ.; ಅದನ್ನು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದದ ಕತ್ತಿಗೆ ಕಟ್ಟಲಾಗಿದೆ. ಇನ್ನೊಂದರ ಹೊರವ್ಯಾಸ ೩೭ ಮಿ.ಮೀ., ಉದ್ದ ೧೯೮ ಮಿ.ಮೀ. ಸಿಲಿಂಡರಿನ ಘನಫಲ ಕಂಡುಹಿಡಿಯಲು ಬೇಕಾದುದು ಪರಸ್ಪರ ಸ್ವತಂತ್ರವಾದ ಎರಡು ಅಳತೆಗಳು: ಪಾದದ ತ್ರಿಜ್ಯ ಮತ್ತು ಎತ್ತರ. ತ್ರಿಜ್ಯದ ಬದಲು ವ್ಯಾಸವಿದ್ದರೂ ನಡೆಯುತ್ತದೆ, ಪರಿಧಿಯಿದ್ದರೂ ನಡೆಯುತ್ತದೆ, ಪಾದದ ವಿಸ್ತೀರ್ಣವಿದ್ದರೂ ನಡೆಯುತ್ತದೆ. ಏಕೆಂದರೆ ಇವುಗಳಲ್ಲಿ ಒಂದರಿಂದ ಇನ್ನೊಂದು ದೊರೆಯುತ್ತದೆ. ಅದೇ ಕಾರಣಕ್ಕೆ ವ್ಯಾಸ ಮತ್ತು ಪರಿಧಿ ಎರಡನ್ನೂ ಕೊಟ್ಟು ಎತ್ತರವನ್ನು ಬಿಟ್ಟರೆ, ಸಂಖ್ಯೆಗಳು ಎರಡಿದ್ದರೂ ಮಾಹಿತಿ ಒಂದೇ. ವಕ್ರ ಮೇಲ್ಮೈಯ ವಿಸ್ತೀರ್ಣವೊಂದನ್ನೇ ಕೊಟ್ಟರೂ ಸಾಲದು; ಉದ್ದವಾದ ಸಣ್ಣ ಕೊಳವೆಗೂ ಗಿಡ್ಡವಾದ ದಪ್ಪ ಕೊಳವೆಗೂ ಆ ವಿಸ್ತೀರ್ಣ ಒಂದೇ ಆಗಿರಬಹುದು, ಘನಫಲ ಮಾತ್ರ ಬೇರೆ ಬೇರೆ. ಆ ವಿಸ್ತೀರ್ಣದೊಂದಿಗೆ ವ್ಯಾಸವೂ ತಿಳಿದರೆ ಎತ್ತರ ತಾನಾಗಿ ಹೊರಬರುತ್ತದೆ.

ವುಲ್ವಿಚ್‌ನ ಮಾದರಿಗಳಲ್ಲಿ ವ್ಯಾಸವೂ ಇದೆ, ಉದ್ದವೂ ಇದೆ. ಹಾಗಾಗಿ ದೊಡ್ಡದರ ಘನಫಲ ಸುಮಾರು ೬೭೧ ಘನ ಸೆಂ.ಮೀ., ಚಿಕ್ಕದರದು ಸುಮಾರು ೨೧೩ ಘನ ಸೆಂ.ಮೀ. ಎಂದು ಲೆಕ್ಕ ಹಾಕಬಹುದು. ಲೆಕ್ಕ ಸರಿಯಾಗಿದೆ, ಆದರೆ ಅದು ಉತ್ತರಿಸುವುದು ಬೇರೊಂದು ಪ್ರಶ್ನೆಗೆ. ಇದು ಕೊಳವೆ ಆಕ್ರಮಿಸುವ ಜಾಗ, ಕೊಳವೆಯೊಳಗಿನ ಜಾಗವಲ್ಲ. ಮದ್ದು ತುಂಬುವುದು ಒಳಗೆ. ಒಳಗಿನ ಘನಫಲಕ್ಕೆ ಮೂರನೆಯ ಅಳತೆಯೊಂದು, ತಗಡಿನ ದಪ್ಪ, ಬೇಕು. ದಪ್ಪ ೨ ಮಿ.ಮೀ. ಎಂದು ಭಾವಿಸಿದರೆ ದೊಡ್ಡ ಕೊಳವೆಯ ಒಳಗಾತ್ರ ೫೮೨ ಘನ ಸೆಂ.ಮೀ. ಆಗುತ್ತದೆ; ೪ ಮಿ.ಮೀ. ಎಂದು ಭಾವಿಸಿದರೆ ೪೯೯ಕ್ಕೆ ಇಳಿಯುತ್ತದೆ. ಚಿಕ್ಕ ಕೊಳವೆಯಲ್ಲಿ ಈ ವ್ಯತ್ಯಾಸ ಪ್ರಮಾಣದಲ್ಲಿ ಇನ್ನೂ ಹೆಚ್ಚು: ೧೬೯ರಿಂದ ೧೩೧ಕ್ಕೆ. ಎರಡು ಮಿಲಿಮೀಟರಿನ ಊಹೆ ಸುಮಾರು ಕಾಲುಭಾಗದಷ್ಟು ಮದ್ದನ್ನು ನುಂಗಿಹಾಕುತ್ತದೆ. ಇದಲ್ಲದೆ ಮುಂದಿನ ಬಾಯಿಯನ್ನು ಮುಚ್ಚಿದ ಭಾಗ, ಹಿಂದಿನ ಬಾಯಿಯ ರಂಧ್ರ, ಮದ್ದಿನ ನಡುವೆ ಟೊಳ್ಳು ಬಿಟ್ಟಿದ್ದರೆ ಅದು, ಇವನ್ನೆಲ್ಲ ಕಳೆಯಬೇಕು.

ದಪ್ಪವನ್ನು ನೇರವಾಗಿ ಅಳೆಯಲಾಗದಿದ್ದಾಗ ಬೇರೆ ದಾರಿಯಿಂದ ಪಡೆಯಬಹುದು. ಬರಿಯ ಕೊಳವೆಯ ತೂಕವೂ ಕಬ್ಬಿಣದ ಸಾಂದ್ರತೆಯೂ ತಿಳಿದರೆ ಲೋಹದ ಘನಫಲ ಸಿಗುತ್ತದೆ. ಹೊರ ಘನಫಲದಿಂದ ಅದನ್ನು ಕಳೆದರೆ ಉಳಿಯುವುದೇ ಒಳಗಿನ ಜಾಗ. ಎಂದರೆ ಕೊರತೆಯಿರುವುದು ಒಂದೇ ಒಂದು ಮಾಹಿತಿಯದು, ಆದರೆ ಅದು ಯಾವುದೇ ರೂಪದಲ್ಲಿ ಬಂದರೂ ಸಾಕು. ಅದಿಲ್ಲದೆ ಎಷ್ಟು ಜಾಣತನದಿಂದ ಗುಣಿಸಿದರೂ ಫಲವಿಲ್ಲ.

ಅಂದಿನ ಇಂಗ್ಲಿಷ್ ಬರಹಗಳಲ್ಲಿ ಈ ಬಾಣವನ್ನು ಸುಮಾರು ಒಂದು ಅಡಿ ಉದ್ದದ, ಒಂದು ಅಂಗುಲ ವ್ಯಾಸದ, ಹತ್ತು ಹನ್ನೆರಡು ಅಡಿಯ ಬಿದಿರಿಗೆ ಕಟ್ಟಿದ ಕಬ್ಬಿಣದ ಕೊಳವೆಯೆಂದು ವರ್ಣಿಸಿರುವುದೂ ಉಂಟು. ಗುಣಿಸಿದರೆ ಸುಮಾರು ೧೫೪ ಘನ ಸೆಂ.ಮೀ. ಬರುತ್ತದೆ. ಆ ಒಂದು ಅಂಗುಲ ಒಳಗಿನದೋ ಹೊರಗಿನದೋ ಎಂಬುದನ್ನು ವರ್ಣನೆ ಹೇಳುವುದಿಲ್ಲ. ರಣರಂಗದಲ್ಲಿ ಕಣ್ಣಳತೆಯಿಂದ ಬರೆದವನಿಗೆ ಆ ಭೇದ ಬೇಕಾಗಿಯೂ ಇರಲಿಲ್ಲ. ಆದರೆ ಈ ಸಂಖ್ಯೆಯನ್ನು ವುಲ್ವಿಚ್‌ನ ಸಂಖ್ಯೆಗಳೊಂದಿಗೆ ಒಂದೇ ಪಟ್ಟಿಯಲ್ಲಿಟ್ಟು ಸರಾಸರಿ ತೆಗೆಯುವುದು ಶಾಸ್ತ್ರವಾಗದು.

ಇಂಥ ವಿವೇಚನೆ ಕನ್ನಡ ನಾಡಿಗೆ ಹೊಸದಲ್ಲ ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ೯ನೆಯ ಶತಮಾನದಲ್ಲಿ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಅಗೆತಗಳ ಗಾತ್ರಕ್ಕೆಂದೇ ಖಾತವ್ಯವಹಾರವನ್ನು ಮೀಸಲಿಟ್ಟನು. ಬಾಯಿ ಮತ್ತು ತಳದ ಅಳತೆ ಬೇರೆಯಾಗಿರುವ ಅಗೆತಗಳಿಗೆ ಕರ್ಮಾಂತಿಕ, ಔಂಡ್ರ ಎಂಬ ಎರಡು ಸ್ಥೂಲ ಫಲಗಳನ್ನು ಹೇಳಿ, ಅವುಗಳಿಂದ ಸೂಕ್ಷ್ಮಫಲವನ್ನು ಪಡೆಯುವ ವಿಧಾನವನ್ನು ಅವನು ತೋರಿಸಿದ್ದಾನೆ. ೧೨ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಗ್ರಂಥಗಳನ್ನು ಬರೆದನು. ಕಮ್ಮಾರನ ಸುತ್ತಿಗೆಯ ಕೆಳಗೆ ರೂಪುಗೊಂಡ ಬಾಣದ ಕೊಳವೆ ಪಠ್ಯಪುಸ್ತಕದ ಸಿಲಿಂಡರಿನಂತೆ ಎರಡೂ ತುದಿಗಳಲ್ಲಿ ಸಮವಾಗಿರಬೇಕೆಂಬ ನಿಯಮವಿಲ್ಲ. ಆದುದರಿಂದ ಮಹಾವೀರನ ಎಚ್ಚರ ಇಲ್ಲಿಯೂ ಸಲ್ಲುತ್ತದೆ: ಒಂದು ತುದಿಯ ವ್ಯಾಸವನ್ನು ಮಾತ್ರ ಬರೆದುಕೊಂಡವನು ಅಳತೆಯ ಅರ್ಧವನ್ನು ಮಾತ್ರ ತಂದಂತೆ.

ಅಳತೆಯ ವಿಷಯದಲ್ಲಿ ಟಿಪ್ಪುವಿಗೇ ವಿಶೇಷವಾದ ಆಸಕ್ತಿಯಿತ್ತು. ತೂಕ, ದೂರ, ಕಾಲ ಇವೆಲ್ಲವನ್ನೂ ಅವನು ಹೊಸದಾಗಿ ಗೊತ್ತುಪಡಿಸಲು ಹೊರಟನು. ತಿಂಗಳುಗಳಿಗೂ ಸಂವತ್ಸರಗಳಿಗೂ ಹೊಸ ಹೆಸರುಗಳನ್ನಿಟ್ಟು ಮೌಲೂದಿ ಶಕೆಯನ್ನು ಜಾರಿಗೆ ತಂದನು. ಪಾಂಡಿಚೇರಿಯ ಫ್ರೆಂಚರಿಂದ ವಾಯುಭಾರ ಮಾಪಕವನ್ನು ತರಿಸಿದವನು ಅದು ಸರಿಯಾಗಿ ಕೆಲಸ ಮಾಡದಿದ್ದುದನ್ನು ಗಮನಿಸಿ ಬೇರೊಂದನ್ನು ಕೇಳಿದನು. ೧೭೮೭ರಲ್ಲಿ ಹೊರಟ ಅವನ ರಾಯಭಾರಿಗಳು ೧೭೮೮ರ ಆಗಸ್ಟ್ ತಿಂಗಳಲ್ಲಿ ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿಯನ್ನು ಕಂಡು ಸೇನಾ ನೆರವಿನೊಂದಿಗೆ ಕುಶಲಕರ್ಮಿಗಳನ್ನೂ ಬೇಡಿದರು. ಸೇನಾ ನೆರವು ಬರಲಿಲ್ಲ. ಬಾಣಗಳ ತಯಾರಿಕೆ ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ ಈ ನಾಲ್ಕು ಕಡೆಗಳಲ್ಲಿ ನಡೆಯಿತೆಂದು ಹೇಳಲಾಗುತ್ತದೆ. ನಾಗಮಂಗಲವು ಲೋಹದ ಕೆಲಸಕ್ಕೆ ಹೆಸರಾದ ಊರಾದುದರಿಂದ ಅದನ್ನೂ ಈ ಪಟ್ಟಿಗೆ ಸೇರಿಸುವ ಆಸೆ ಸ್ಥಳೀಯ ಅಭಿಮಾನಿಗಳಿಗೆ ಹುಟ್ಟುವುದು ಸಹಜ. ಆದರೆ ಹಿತ್ತಾಳೆ ಕಂಚುಗಳ ಎರಕ ಬೇರೆ, ಕಬ್ಬಿಣದ ತಗಡನ್ನು ಬಡಿದು ಕೊಳವೆ ಮಾಡುವುದು ಬೇರೆ. ಊರಿನ ಕೀರ್ತಿಯೊಂದರಿಂದ ಅಂಥ ತೀರ್ಮಾನಕ್ಕೆ ಬರಲಾಗದು.

೧೭೮೯ರ ಕೊನೆಯಲ್ಲಿ ತಿರುವಾಂಕೂರಿನ ರಕ್ಷಣಾ ಗೋಡೆಯ ಮೇಲೆ ಟಿಪ್ಪು ನಡೆಸಿದ ದಾಳಿ ಮೂರನೆಯ ಯುದ್ಧಕ್ಕೆ ಕಾರಣವಾಯಿತು. ೧೭೯೧ರ ಮಾರ್ಚ್ ೨೧ರಂದು ಬೆಂಗಳೂರು ಕಾರ್ನ್‌ವಾಲಿಸನ ವಶವಾಯಿತು. ಮೇ ೧೫ರಂದು ಶ್ರೀರಂಗಪಟ್ಟಣದ ಸಮೀಪದ ಅರಕೆರೆಯ ಬಳಿ ಯುದ್ಧವಾಯಿತು. ಗೆದ್ದರೂ ಕಾರ್ನ್‌ವಾಲಿಸನಿಗೆ ಮುಂದುವರಿಯಲು ದವಸಧಾನ್ಯವಿರಲಿಲ್ಲ, ಎತ್ತುಗಳು ಸಾಯುತ್ತಿದ್ದವು. ಕನ್ನಂಬಾಡಿಯಲ್ಲಿ ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಅವನು ಹಿಂದಿರುಗಿದನು. ಅವನಿಗೆ ನೆರವಾಗಬೇಕಿದ್ದ ಮರಾಠಾ ಸೇನೆ ಬಂದು ಕೂಡಿಕೊಂಡದ್ದು ಮೇಲುಕೋಟೆಯ ಸೀಮೆಯಲ್ಲಿ, ಕೆಲವೇ ದಿನ ತಡವಾಗಿ. ಮುಂದಿನ ವರ್ಷ, ಫೆಬ್ರವರಿ ೬ರ ರಾತ್ರಿಯ ದಾಳಿಯ ನಂತರ, ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ೩ ಕೋಟಿ ೩೦ ಲಕ್ಷ ರೂಪಾಯಿಗಳನ್ನು ತೆರಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು.

ಈ ಯುದ್ಧದ ಅವಧಿಯಲ್ಲಿಯೇ ಮರಾಠಾ ದಂಡು ಶೃಂಗೇರಿಯ ಮಠವನ್ನು ಲೂಟಿ ಮಾಡಿದಾಗ, ಸ್ವಾಮಿಗಳಿಗೆ ಸಾಂತ್ವನ ಹೇಳಿ ನೆರವು ಕಳುಹಿಸಿದ ಟಿಪ್ಪುವಿನ ಪತ್ರಗಳು ಕನ್ನಡದಲ್ಲಿವೆ. ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರು ಅವನ್ನು ಬೆಳಕಿಗೆ ತಂದರು. ಶ್ರೀರಂಗನಾಥನ ಗುಡಿಗೂ ಮೇಲುಕೋಟೆಯ ಗುಡಿಗೂ ಅವನು ಕೊಟ್ಟ ಪಾತ್ರೆಗಳಿವೆ. ಇನ್ನೊಂದು ಕಡೆ, ಕೊಡಗು ಮತ್ತು ಮಲಬಾರಿನಿಂದ ಜನರನ್ನು ಸೆರೆಹಿಡಿದು ತಂದದ್ದು, ಮತಾಂತರಗೊಳಿಸಿದ್ದು ಅವನ ಪಕ್ಷದ ಬರಹಗಳಿಂದಲೇ ತಿಳಿಯುತ್ತದೆ. ಮೇಲುಕೋಟೆಯ ಮಂಡಯಂ ಅಯ್ಯಂಗಾರ್ ಮನೆತನಗಳು ತಮ್ಮ ಪೂರ್ವಿಕರ ಹತ್ಯೆಯನ್ನು ನೆನೆದು ದೀಪಾವಳಿಯನ್ನು ಆಚರಿಸದಿರುವುದೂ ವಾಸ್ತವ. ಒಂದು ಗುಂಪಿನವರು ಮೊದಲಿನವುಗಳನ್ನು ಮಾತ್ರ ಎಣಿಸುತ್ತಾರೆ, ಇನ್ನೊಂದು ಗುಂಪಿನವರು ಎರಡನೆಯವುಗಳನ್ನು ಮಾತ್ರ. ಇಬ್ಬರ ಲೆಕ್ಕದಲ್ಲಿಯೂ ಸಂಖ್ಯೆಗಳಿವೆ, ಆದರೆ ವ್ಯಾಸವನ್ನೂ ಪರಿಧಿಯನ್ನೂ ಬರೆದು ಎತ್ತರವನ್ನು ಬಿಟ್ಟವನಂತೆ, ಒಂದೇ ಮಾಹಿತಿಯನ್ನು ಎರಡು ಬಗೆಯಲ್ಲಿ ಹೇಳಿ ಸಾಕಷ್ಟಾಯಿತೆಂದು ತಿಳಿಯುತ್ತಾರೆ. ಕೊಡಗಿನ ಸೆರೆಯಾಳುಗಳ ಸಂಖ್ಯೆ ಆಕರದಿಂದ ಆಕರಕ್ಕೆ ಹಲವು ಪಟ್ಟು ಬದಲಾಗುತ್ತದೆ. ಸೆರೆ ನಡೆದದ್ದು ನಿಶ್ಚಿತ, ಸಂಖ್ಯೆ ನಿಶ್ಚಿತವಲ್ಲ. ಎರಡನೆಯದು ಅನಿಶ್ಚಿತವೆಂಬ ಕಾರಣಕ್ಕೆ ಮೊದಲನೆಯದನ್ನು ಅಲ್ಲಗಳೆಯುವುದೂ, ಮೊದಲನೆಯದು ನಿಶ್ಚಿತವೆಂಬ ಕಾರಣಕ್ಕೆ ಅತಿ ದೊಡ್ಡ ಸಂಖ್ಯೆಯನ್ನು ಆರಿಸಿಕೊಳ್ಳುವುದೂ ನಮ್ಮ ಅಭಿಪ್ರಾಯದಲ್ಲಿ ಒಂದೇ ಬಗೆಯ ತಪ್ಪು.

ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟು ಕಟ್ಟಲು ಟಿಪ್ಪು ೧೭೯೦ರ ದಶಕದಲ್ಲಿ ಅಡಿಗಲ್ಲು ಇಟ್ಟದ್ದನ್ನು ಹೇಳುವ ಪಾರಸಿ ಶಾಸನ, ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಾಮಗಾರಿಯ ವೇಳೆ ದೊರೆಯಿತು. ಅದರ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವರಿಗೆ ಕಂದಾಯದಲ್ಲಿ ಕಾಲುಭಾಗದ ರಿಯಾಯಿತಿಯನ್ನು ಶಾಸನ ಘೋಷಿಸುತ್ತದೆ. ಯೋಜನೆಯ ಉದ್ದೇಶ ಬೇಸಾಯವೆಂಬುದಕ್ಕೆ ಇಷ್ಟು ಸಾಕು. ಇಂದು ಕೃಷ್ಣರಾಜಪೇಟೆ ತಾಲ್ಲೂಕಿನವರೆಗೆ ಹಿನ್ನೀರು ಹರಡಿರುವ ಜಲಾಶಯವನ್ನೇ ಅವನು ಕಲ್ಪಿಸಿದ್ದನೆನ್ನುವುದಕ್ಕೆ ಇಷ್ಟು ಸಾಲದು. ಕಟ್ಟೆಯ ಎತ್ತರವಿಲ್ಲದೆ ನೀರಿನ ಗಾತ್ರ ತಿಳಿಯುವುದಿಲ್ಲ.

೧೭೯೯ರ ಯುದ್ಧ ಎರಡೇ ತಿಂಗಳುಗಳಲ್ಲಿ ಮುಗಿಯಿತು. ಮಾರ್ಚ್ ೨೭ರಂದು ಮಳವಳ್ಳಿಯಲ್ಲಿ ಟಿಪ್ಪು ಸೋತನು. ಏಪ್ರಿಲ್ ೫ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕತ್ತಲೆ ಮತ್ತು ಬಾಣಗಳ ಹೊಡೆತಕ್ಕೆ ಸಿಕ್ಕಿ ಕರ್ನಲ್ ವೆಲ್ಲೆಸ್ಲಿಯ ದಳ ಚದುರಿತು; ಮುಂದೆ ವೆಲ್ಲಿಂಗ್ಟನ್ ಎಂದು ಪ್ರಸಿದ್ಧನಾದವನು ಅವನೇ. ಮೇ ೨ರಂದು ಕೋಟೆಯೊಳಗಿನ ಬಾಣದ ಉಗ್ರಾಣವೊಂದಕ್ಕೆ ಗುಂಡು ತಗುಲಿ ಭಾರಿ ಸ್ಫೋಟವಾಯಿತು. ಮೇ ೪ರ ಮಧ್ಯಾಹ್ನ ಗೋಡೆಯ ಬಿರುಕಿನಿಂದ ಶತ್ರುಗಳು ಒಳನುಗ್ಗಿದರು. ಕಾದಾಡುತ್ತಲೇ ಮಡಿದ ಟಿಪ್ಪುವಿನ ದೇಹವನ್ನು ಅಂದು ರಾತ್ರಿ ಬಾಗಿಲೊಂದರ ಬಳಿ ಹೆಣಗಳ ನಡುವೆ ಗುರುತಿಸಲಾಯಿತು. ಮರುದಿನ ಲಾಲ್‌ಬಾಗಿನ ಗುಂಬಜಿನಲ್ಲಿ ತಂದೆತಾಯಿಗಳ ಪಕ್ಕದಲ್ಲಿ ಸಮಾಧಿ ಮಾಡಲಾಯಿತು. ಅವನ ಮಕ್ಕಳನ್ನು ವೆಲ್ಲೂರಿಗೆ ಕಳುಹಿಸಿದರು.

ಕೋಟೆಯಲ್ಲಿ ದೊರೆತ ಸಾಮಗ್ರಿಯಲ್ಲಿ ೬೦೦ ಹಾರುಗಂಬಗಳು, ಉಪಯೋಗಕ್ಕೆ ಸಿದ್ಧವಾದ ೭೦೦ ಬಾಣಗಳು, ೯೦೦೦ ಬರಿಯ ಕೊಳವೆಗಳು ಇದ್ದವೆಂದು ದಾಖಲಾಗಿದೆ. ಈ ಮೂರನೆಯ ಸಂಖ್ಯೆ ಚರಿತ್ರಕಾರರ ಗಮನವನ್ನು ಇನ್ನೂ ಹೆಚ್ಚು ಸೆಳೆಯಬೇಕಾಗಿತ್ತು. ತುಂಬಿದ ಪ್ರತಿಯೊಂದು ಬಾಣಕ್ಕೆ ಹನ್ನೆರಡಕ್ಕಿಂತ ಹೆಚ್ಚು ಖಾಲಿ ಕೊಳವೆಗಳಿದ್ದುದು ಕಬ್ಬಿಣದ ಕೊರತೆಯನ್ನು ಸೂಚಿಸುವುದಿಲ್ಲ. ಕೊರತೆ ಮದ್ದಿನದೋ, ತುಂಬುವ ಕೈಗಳದೋ, ಸಮಯದ್ದೋ? ಕೊಳವೆಯ ಒಳಗಾತ್ರ ತಿಳಿದರೆ ೯೦೦೦ಕ್ಕೆ ಬೇಕಾಗಿದ್ದ ಮದ್ದನ್ನು ಅಂದಾಜು ಮಾಡಿ ಕೋಟೆಯಲ್ಲಿ ಸಿಕ್ಕ ಮದ್ದಿನ ಲೆಕ್ಕದೊಂದಿಗೆ ಹೋಲಿಸಬಹುದು. ವುಲ್ವಿಚ್‌ನ ಎರಡು ಮಾದರಿಗಳನ್ನೇ ಆಧಾರವಾಗಿಟ್ಟುಕೊಂಡರೆ, ೨ ಮಿ.ಮೀ. ದಪ್ಪದ ಊಹೆಯಲ್ಲಿ, ೯೦೦೦ ಕೊಳವೆಗಳ ಒಳಗಾತ್ರ ಸುಮಾರು ೧೫೦೦ ಲೀಟರಿನಿಂದ ೫೨೦೦ ಲೀಟರಿನವರೆಗೆ ಎಲ್ಲಿ ಬೇಕಾದರೂ ಇರಬಹುದು. ಮೂರುವರೆ ಪಟ್ಟು ಹಿಗ್ಗುವ ಉತ್ತರದ ಮೇಲೆ ವಾದ ಕಟ್ಟುವಂತಿಲ್ಲ.

ಸೆರೆಸಿಕ್ಕ ಬಾಣಗಳಲ್ಲಿ ಕೆಲವು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ವುಲ್ವಿಚ್‌ನಲ್ಲಿ ಪ್ರಯೋಗಗಳನ್ನು ನಡೆಸಿ ಸಿದ್ಧಪಡಿಸಿದ ರಾಕೆಟ್‌ಗಳನ್ನು ೧೮೦೬ರಲ್ಲಿ ಬುಲೋನ್ ಬಂದರಿನ ಮೇಲೆ ಹಾರಿಸಲಾಯಿತು. ನಮ್ಮಲ್ಲಿ ಉಳಿದವು ಬಹುಕಾಲ ಮಣ್ಣಿನಲ್ಲಿದ್ದವು. ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ೨೦೦೨ರಲ್ಲಿ ಕೆಲವು, ೨೦೧೮ರ ಜುಲೈಯಲ್ಲಿ ರಾಜ್ಯ ಪುರಾತತ್ತ್ವ ಇಲಾಖೆಯ ಉತ್ಖನನದಲ್ಲಿ ಸಾವಿರಕ್ಕೂ ಮಿಕ್ಕಿ ಬಾಣಗಳು ದೊರೆತವು. ಅವು ತುಕ್ಕು ಹಿಡಿದಿವೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಇಂದು ಅಳೆಯುವ ಹೊರವ್ಯಾಸ ಮೂಲದ್ದಕ್ಕಿಂತ ಹೆಚ್ಚಾಗಿಯೂ, ಒಳವ್ಯಾಸ ಕಡಿಮೆಯಾಗಿಯೂ ಕಾಣಬಹುದು. ಆದರೆ ಇಲ್ಲಿ ಮಾದರಿಗಳು ಎರಡಲ್ಲ, ಸಾವಿರ. ಕೆಲವನ್ನು ಅಡ್ಡಲಾಗಿ ಕೊಯ್ದು, ತುಕ್ಕಿನ ಪದರಗಳ ನಡುವೆ ಉಳಿದಿರುವ ಲೋಹದ ದಪ್ಪವನ್ನು ಎರಡೂ ತುದಿಗಳಲ್ಲಿ ಅಳೆದು, ಉದ್ದದೊಂದಿಗೆ ಬರೆದಿಟ್ಟರೆ, ಶ್ರೀರಂಗಪಟ್ಟಣದ ೯೦೦೦ ಕೊಳವೆಗಳ ಲೆಕ್ಕಕ್ಕೆ ಬೇಕಾದ ಮೂರನೆಯ ಅಳತೆ ಅಲ್ಲಿಂದಲೇ ಬರಬಹುದು.